ಮೂರನೇ ಪೋರ್ಟಿನ ಚಿತ್ರ

ಹಳೆಯ ಟೂತ್‌ಬ್ರಶ್ಶನ್ನು ಸ್ಪಿರಿಟ್‌ನಲ್ಲಿ ಅದ್ದಿ ವಾಪಸು ಬಂದ ಪೆಟ್ಟಿಗೆಯ ಪೋರ್ಟುಗಳನ್ನು ಒಂದೊಂದಾಗಿ ತಿಕ್ಕಿದೆ. ಕೇಬಲ್ ಸಿಕ್ಕಿಸುವ ಎಂಟು ಬಾಯಿಗಳಲ್ಲೂ ಧೂಳು ಕೂತಿತ್ತು. ಒಂದರೊಳಗೆ ಇರುವೆಗಳು ಬೆಳ್ಳಗೆ ಮೊಟ್ಟೆ ಇಟ್ಟಿದ್ದವು. ಕಡ್ಡಿಗೆ ಹತ್ತಿ ಸುತ್ತಿ ಅವನ್ನು ಹೊರಗೆ ತೆಗೆದು ಕಾಗದದ ಮೇಲೆ ಹಾಕಿದೆ. ಎದುರಿನ ಮೇಜಿನಲ್ಲಿ ಹೃಷೀಕೇಶ ಸರ್ ಕಂಪ್ಯೂಟರ್ ನೋಡುತ್ತಿದ್ದರು, ಆದರೆ ಕೀಲಿಗಳ ಸದ್ದು ಇರಲಿಲ್ಲ. ಗಾಜಿನ ಬಾಗಿಲಿನ ಆಚೆ ಇಮ್ತಿಯಾಝ್ ಕಾಕ ಫೋನನ್ನು ಕಿವಿಗಿಟ್ಟುಕೊಂಡು ಬರೇ ಕೇಳುತ್ತಿದ್ದರು. ಕಾಗದವನ್ನು ಮಡಚಿ ಕಸದ ಬುಟ್ಟಿಗೆ ಹಾಕಿ, ಪೆಟ್ಟಿಗೆಯನ್ನು ಒಣಬಟ್ಟೆಯಿಂದ ಒರೆಸಿ, ಹೃಷೀಕೇಶ ಸರ್ ಮೇಜಿನ ಮೇಲೆ ಇಟ್ಟೆ. ಅವರು ತಲೆ ಎತ್ತಲಿಲ್ಲ.

ನಮ್ಮದು ಕದ್ರಿಯ ಇಳಿಜಾರಿನಲ್ಲಿ ಒಂದು ಮನೆಯ ಕೆಳಗಿನ ಭಾಗದಲ್ಲಿರುವ ಸಣ್ಣ ಕಂಪೆನಿ. ನೆಟ್‌ವರ್ಕ್ ಸ್ವಿಚ್‌ಗಳನ್ನು ತಯಾರಿಸುತ್ತೇವೆ, ಕ್ಯಾಮರಾ, ಸ್ಕ್ರೀನು, ಕಂಪ್ಯೂಟರುಗಳನ್ನು ಕೇಬಲಿನಿಂದ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗಳು. ಬೋರ್ಡು ಬೇರೆ ಕಡೆಯಿಂದ ಬರುತ್ತದೆ. ಅದನ್ನು ಪೆಟ್ಟಿಗೆಗೆ ಕೂರಿಸಿ, ಸಾಫ್ಟ್‌ವೇರ್ ಹಾಕಿ, ಪರೀಕ್ಷೆ ಮಾಡಿ ಕಳಿಸುವುದು ಇಲ್ಲಿ. ಸಾಫ್ಟ್‌ವೇರ್ ಬರೆದದ್ದು ಹೃಷೀಕೇಶ ಸರ್. ಕಂಪೆನಿ ಇಮ್ತಿಯಾಝ್ ಕಾಕನದ್ದು. ಸಂಬಂಧದಲ್ಲಿ ಅವರು ನನ್ನ ಉಮ್ಮನಿಗೆ ದೂರದವರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಪ್ಯಾಕಿಂಗಿಗೆ ಅಂತ ಸೇರಿಸಿಕೊಂಡವರು ಅವರೇ. ಆಮೇಲೆ ಐಟಿಐ ಮುಗಿಸಿದ ನನ್ನ ತಮ್ಮ ಶಾಹುಲ್‌ನನ್ನೂ ಸೇರಿಸಿಕೊಂಡರು. ಅವನು ಫ್ಲ್ಯಾಟುಗಳಿಗೆ ಹೋಗಿ ಪೆಟ್ಟಿಗೆ ಕೂರಿಸಿ ಬರುವವನು.

ನಾನು ಒರೆಸಿದ ಪೆಟ್ಟಿಗೆಯೂ ಅವನು ಕೂರಿಸಿದ್ದೇ. ಶಕ್ತಿನಗರದ ಒಂದು ಫ್ಲ್ಯಾಟಿನವರು ಅದನ್ನು ಕಿತ್ತು ಆಟೋದಲ್ಲಿ ವಾಪಸು ಕಳಿಸಿದ್ದರು. ಶಾಹುಲ್‌ನನ್ನು ಕೆಲಸಕ್ಕೆ ಬರಬೇಡ ಎಂದದ್ದು ಅದೇ ದಿನ.

ಆ ಫ್ಲ್ಯಾಟಿನ ಪ್ರತಿ ಮನೆಯಲ್ಲೂ ಬಾಗಿಲಿನ ಪಕ್ಕ ಒಂದು ಸಣ್ಣ ಸ್ಕ್ರೀನ್ ಉಂಟು. ಗೇಟಿನ ಕ್ಯಾಮರಾದ ಚಿತ್ರ ಅದರಲ್ಲಿ ಕಾಣುತ್ತದೆ. ಕೆಳಗಿನ ಮನೆಯ ಪಂಕಜಾಕ್ಷಿ ಟೀಚರ್ ನಿವೃತ್ತರು, ಅಲ್ಲಿಯ ಅಸೋಸಿಯೇಶನ್ನಿನ ಕಾರ್ಯದರ್ಶಿ. ಒಂದು ಮಧ್ಯಾಹ್ನ ಅವರು ಹಾಲಿನವನು ಬಂದನೋ ಎಂದು ಸ್ಕ್ರೀನ್ ನೋಡಿದಾಗ ಗೇಟಿನ ಬದಲು ಎರಡನೇ ಮಾಳಿಗೆಯ ಮೆರ್ಲಿನ್ ಕಂಡಳು. ಮಂಚದ ಮೇಲೆ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಗೇಟು. ಟೀಚರ್ ತಮ್ಮ ಕಣ್ಣನ್ನೇ ನಂಬಲಿಲ್ಲ. ಮರುದಿನ ಮತ್ತೆ ಕಂಡಳು. ಮೆರ್ಲಿನ್ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಯಲ್ಲಿರುವಾಗ ಮಗುವನ್ನು ಫೋನಿನಲ್ಲಿ ನೋಡಲಿಕ್ಕೆ ತೊಟ್ಟಿಲ ಕೋಣೆಯಲ್ಲಿ ಕ್ಯಾಮರಾ ಹಾಕಿಸಿದ್ದಳು. ಅದನ್ನು ಹಾಕಿಕೊಟ್ಟದ್ದೂ ಶಾಹುಲ್. ಅಷ್ಟೇ ಸಾಕಾಯಿತು. ಹುಡುಗ ಎಂತದೋ ಕಳ್ಳ ಲೈನ್ ಎಳೆದು ತಾಯಿ ಮಗುವನ್ನು ನೋಡುತ್ತಿದ್ದಾನೆ, ಲೈನ್ ತಪ್ಪಿ ಟೀಚರ ಮನೆಗೂ ಬಂದಿದೆ. ಫ್ಲ್ಯಾಟಿನವರ ತೀರ್ಮಾನ ಅದು.

ನಾನು ಅದನ್ನು ನಂಬಿದೆನೋ ಇಲ್ಲವೋ ಎಂದು ನನಗೇ ಹೇಳಲಿಕ್ಕೆ ಆಗುತ್ತಿರಲಿಲ್ಲ. ಮಾತು ಕಡಿಮೆ ಇರುವವರು ಜಾಸ್ತಿ ನೋಡುತ್ತಾರೆ. ಶಾಹುಲ್ ಫೋನನ್ನು ಇತ್ತೀಚೆಗೆ ಕವುಚಿ ಇಡುತ್ತಿದ್ದುದನ್ನು ನಾನು ನೋಡಿದ್ದೆ. ಊಟದ ನಡುವೆ ಎದ್ದು ಹೊರಗೆ ಹೋಗಿ ಮಾತಾಡುವುದನ್ನು ನೋಡಿದ್ದೆ. ಮದುವೆ ಗೊತ್ತಾದ ಹುಡುಗ, ರಮ್ಲಾಳ ಹತ್ತಿರ ಮಾತಾಡುವುದಾಗಿರಬಹುದು ಎಂದು ಆಗ ನಕ್ಕಿದ್ದೆ. ಈಗ ಅದೇ ಬೇರೆಯ ಹಾಗೆ ಕಾಣುತ್ತಿತ್ತು.

ಪಡೀಲಿನ ನಮ್ಮ ಬಾಡಿಗೆ ಮನೆಗೆ ಸಂಜೆ ಬಂದಾಗ ಅವನು ಅಂಗಳದಲ್ಲಿ ಬೈಕ್ ತೊಳೆಯುತ್ತಿದ್ದ. ಬೆಳಿಗ್ಗೆಯೂ ತೊಳೆದಿದ್ದ.

ಉಮ್ಮ ಅಡುಗೆಕೋಣೆಯಲ್ಲಿ ಅಕ್ಕಿಹಿಟ್ಟಿನ ಪತ್ತಿರ್ ತಟ್ಟುತ್ತಿದ್ದಳು. ನನ್ನನ್ನು ಕಂಡದ್ದೇ, "ಆದಿತ್ಯವಾರ ಬರ್ತೇವೆ ಅಂದವರು ಫೋನ್ ಕೂಡ ತೆಗೀಲಿಲ್ಲ," ಎಂದಳು. ರಮ್ಲಾಳ ಮನೆಯವರ ವಿಷಯ. "ಅವರಿಗೆ ಯಾರು ಹೇಳಿದ್ದು ಅಂತ ನನ್ನನ್ನೇ ಕೇಳ್ತಾಳೆ ಪಕ್ಕದ ಮನೆಯವಳು. ಅವಳೇ ಹೇಳಿರ್ಬೇಕು. ಇವನ ಹತ್ರ ಕೇಳಿದರೆ ಬೈಕಿಗೆ ಸೋಪು ಹಚ್ಚುತ್ತಾನೆ. ನೀನು ಕೇಳು."

ಶಾಹುಲ್ ಸ್ನಾನಕ್ಕೆ ಹೋದಾಗ ಫೋನ್ ಕಿಟಕಿಯಲ್ಲಿತ್ತು. ಅದನ್ನು ತೆರೆಯುವ ಗುರುತು ನನಗೆ ಗೊತ್ತಿತ್ತು. ಕ್ಯಾಮರಾ ನೋಡುವ ಆ್ಯಪ್ ಅದರಲ್ಲಿತ್ತು. ಒಳಗೆ ಹಲವು ಫ್ಲ್ಯಾಟುಗಳ ಗೇಟಿನ ಹೆಸರು. ಕೊನೆಗೆ, ಮೆರ್ಲಿನ್ ಬೇಬಿ. ನಾನು ಅದನ್ನು ಒತ್ತಲಿಲ್ಲ. ಫೋನನ್ನು ಇದ್ದ ಹಾಗೆಯೇ ಕವುಚಿ ಇಡುವಷ್ಟರಲ್ಲಿ ಅವನು ತಲೆ ಒರೆಸುತ್ತಾ ಬಾಗಿಲಲ್ಲಿ ನಿಂತಿದ್ದ.

"ಎಂತ ನೋಡಿದೆ?"

"ಮೆರ್ಲಿನ್ ಹೆಸರು ಯಾಕೆ ಇದರಲ್ಲಿ?"

"ಸೆಟ್ ಮಾಡುವಾಗ ಹಾಕಿ ನೋಡ್ಬೇಕು. ಹಾಕಿದೆ. ತೆಗೀಲಿಕ್ಕೆ ಮರೆತುಹೋಯ್ತು."

"ಆಮೇಲೆ ತೆರೆದಿದ್ದೀಯಾ?"

ಅವನು ತಲೆ ಒರೆಸಿದ ತೋರ್ತನ್ನು ಹಗ್ಗಕ್ಕೆ ಹಾಕಿ, ಎರಡೂ ತುದಿ ಸಮ ಮಾಡಿ, ನಿಧಾನವಾಗಿ ತಿರುಗಿದ. "ಇಷ್ಟು ದಿನ ಯಾರೆಲ್ಲ ಕೇಳಿದ್ರು. ನೀನು ಕೇಳ್ಲಿಲ್ಲ ಅಂತ ಸಮಾಧಾನ ಇತ್ತು. ಈಗ ಅದೂ ಆಯ್ತು," ಎಂದ.

ಬೆಳಿಗ್ಗೆ ಅವನು ಹಲ್ಲುಜ್ಜುವಾಗ ಮತ್ತೆ ನೋಡಿದೆ. ಆ್ಯಪ್ ಇರಲಿಲ್ಲ. ತಪ್ಪು ಮಾಡದವನು ಯಾಕೆ ಅಳಿಸಬೇಕು ಎಂದು ಬಸ್ಸಿನಲ್ಲಿ ಯೋಚಿಸಿದೆ. ಅಕ್ಕನೇ ಸಂಶಯಪಟ್ಟ ಮೇಲೆ ಯಾರು ತಾನೇ ಇಟ್ಟುಕೊಳ್ಳುತ್ತಾರೆ ಎಂದೂ ಯೋಚಿಸಿದೆ. ಕಂಕನಾಡಿ ಬರುವವರೆಗೆ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಎರಡೂ ಒಂದೇ ತೂಕ ಇದ್ದವು.

ಕಂಪೆನಿಯಲ್ಲಿ ಹೃಷೀಕೇಶ ಸರ್ ಆ ಪೆಟ್ಟಿಗೆಯನ್ನು ಪರೀಕ್ಷೆಗೆ ಇಟ್ಟಿದ್ದರು. ಎರಡು ಕ್ಯಾಮರಾ, ಸಾಲಾಗಿ ಸಣ್ಣ ಸ್ಕ್ರೀನ್‌ಗಳು. ಒಂದು ಕ್ಯಾಮರಾ ಗೇಟಿನ ಬದಲು ಕಂಪೆನಿಯ ಬಾಗಿಲು ನೋಡುತ್ತಿತ್ತು, ಸ್ಕ್ರೀನುಗಳಿಗೆಲ್ಲ ಹೋಗುವುದು ಅದರ ಚಿತ್ರ. ಇನ್ನೊಂದನ್ನು ನನ್ನ ಪ್ಯಾಕಿಂಗ್ ಮೇಜಿನ ಕಡೆಗೆ ತಿರುಗಿಸಿದ್ದರು. ನನ್ನ ಕಡೆಗೇ ಯಾಕೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಶಾಲನ್ನು ಸರಿಮಾಡಿಕೊಂಡೆ. ಹೃಷೀಕೇಶ ಸರ್ ಅರ್ಚಕರ ಮನೆಯವರು. ಅಪ್ಪನಿಗೆ ಹುಷಾರಿಲ್ಲದ ದಿನ ತಾವೇ ಪೂಜೆ ಮುಗಿಸಿ, ಹಣೆಯ ಗಂಧ ಒಣಗುವ ಮೊದಲೇ ಕೆಲಸಕ್ಕೆ ಬರುವವರು. ನನ್ನಂಥವಳಿಗೂ ನೀವು ಎನ್ನುವವರು. ಆದರೂ ಈಗೀಗ ನನಗೆ ಎಲ್ಲರ ಮೇಲೂ ಒಂದು ಕಣ್ಣು.

ಸ್ಕ್ರೀನ್‌ಗಳಲ್ಲಿ ಇಡೀ ದಿನ ಬಾಗಿಲೇ ಕಂಡಿತು, ಬೇರೆ ಏನೂ ಇಲ್ಲ. ಇಮ್ತಿಯಾಝ್ ಕಾಕ ಆಗಾಗ ಬಂದು ಇಣುಕಿದರು.

"ಭಟ್ರೇ, ಪೆಟ್ಟಿಗೆಯಲ್ಲಿ ಎಂತ ಇಲ್ಲ ಅಲ್ವಾ? ಇಲ್ಲ ಅಂತ ಒಂದು ಮಾತು ಹೇಳಿ, ನನಗೆ ಊಟ ಸೇರ್ತದೆ."

"ಇನ್ನೂ ನೋಡ್ತೇನೆ."

"ನೋಡಿ ನೋಡಿ ನಿಮ್ಮ ಕಣ್ಣು ಪೋರ್ಟಿನ ಹಾಗೆ ಆಯ್ತು ಮಾರಾಯ್ರೆ."

ಹೃಷೀಕೇಶ ಸರ್ ನಗಲಿಲ್ಲ. ಕಾಕ ಹೋದ ಮೇಲೆ ನನ್ನ ಕಡೆ ತಿರುಗಿದರು. "ಸುಮಯ್ಯಾ, ಶಕ್ತಿನಗರದಲ್ಲಿ ಶಾಹುಲ್ ಎಲ್ಲ ಮನೆಗೂ ಹೊಸ ಕೇಬಲ್ ಎಳೆದಿದ್ದಾನಾ? ನಿಮಗೇನಾದ್ರೂ ಹೇಳಿದ್ದುಂಟಾ?"

ಹೇಳಿದ್ದುಂಟು. ಪಂಕಜಾಕ್ಷಿ ಟೀಚರ್ ಗೋಡೆಗೆ ತೂತು ಮಾಡಲಿಕ್ಕೆ ಬಿಡಲಿಲ್ಲ, ಮೊನ್ನೆ ಪೈಂಟ್ ಮಾಡಿಸಿದ್ದು ಎಂದರು, ಅದಕ್ಕೆ ಗೋಡೆಯೊಳಗಿನ ಹಳೆಯ ಕೇಬಲನ್ನೇ ಮೂರನೇ ಪೋರ್ಟಿಗೆ ಕೊಟ್ಟು ಬಂದೆ ಎಂದು ಅವನು ಊಟ ಮಾಡುತ್ತಾ ಗೊಣಗಿದ್ದ. ನಾನು ಅದನ್ನು ಹೇಳಿದೆ. ಹೇಳಿ ಮುಗಿದ ಮೇಲೆ ಸಂಶಯ ಬಂತು. ಇವರು ಬೇಕೆಂದೇ ನನ್ನ ಬಾಯಿಯಿಂದ ಇದನ್ನು ತೆಗೆದರೋ ಏನೋ. ನಾಳೆ, ಕೇಬಲ್ ಬದಲಾಯಿಸದೆ ಇದ್ದದ್ದು ಅವನ ತಪ್ಪು, ಅವನ ಅಕ್ಕನೇ ಹೇಳಿದಳು ಎಂದರೆ?

"ಹೌದಾ," ಎಂದರು ಅವರು. ಡ್ರಾಯರಿನಿಂದ ಒಂದು ಕೇಬಲ್ ತೆಗೆದು, ಮೇಲಿನ ಸಿಪ್ಪೆ ಸೀಳಿ, ಒಳಗಿನ ತೆಳು ತಂತಿಗಳಲ್ಲಿ ಅರ್ಧವನ್ನು ಕಟ್ಟರಿನಿಂದ ಕತ್ತರಿಸಿದರು. ಅದನ್ನು ಮೂರನೇ ಪೋರ್ಟಿಗೆ ಸಿಕ್ಕಿಸಿದರು. ಬೇರೆ ಎಲ್ಲ ಪೋರ್ಟುಗಳ ದೀಪ ಹಸಿರು, ಮೂರನೆಯದ್ದು ಕಿತ್ತಳೆ. ಅಂದರೆ ಅದು ಹಳೆಯ ಕೇಬಲಿನ ಹಾಗೆ ನಿಧಾನ ಓಡುತ್ತದೆ, ಅಷ್ಟು ನನಗೂ ಗೊತ್ತು.

ನಾನು ವಾಪಸು ಮೇಜಿಗೆ ಬಂದು ಥರ್ಮೊಕೋಲ್ ತುಂಡುಗಳನ್ನು ಪೆಟ್ಟಿಗೆಯ ಮೂಲೆಗಳಿಗೆ ಸಿಕ್ಕಿಸುತ್ತಿದ್ದೆ. ಆದರೆ ಕಣ್ಣು ಸ್ಕ್ರೀನ್‌ಗಳ ಮೇಲೆಯೇ ಇತ್ತು. ಬಾಗಿಲು, ಬಾಗಿಲು, ಬಾಗಿಲು. ಮೂರನೆಯದರಲ್ಲಿ ಬಾಗಿಲು ಒಮ್ಮೆ ಹರಿದ ಹಾಗಾಯಿತು, ಅದರ ಕೆಳಗಿನ ಅರ್ಧದಲ್ಲಿ ಎರಡು ಕೈ ಕಂಡವು. ಬಿಳಿ ಥರ್ಮೊಕೋಲ್ ಹಿಡಿದ ಕೈ. ನನ್ನದು. ಕೂಡಲೇ ಮತ್ತೆ ಬಾಗಿಲು.

ಹೃಷೀಕೇಶ ಸರ್ ನನ್ನನ್ನು ನೋಡಿದರು. ನಾನು ನೋಡಿದ್ದನ್ನು ಅವರು ನೋಡಿದರು. ಕೇಬಲನ್ನು ಎಳೆದು ತೆಗೆದು, "ಸುಮಯ್ಯಾ, ಮೂರು ಚಾ ಹೇಳಿ ಬನ್ನಿ," ಎಂದರು. ಅವರು ಚಾ ಕುಡಿಯುವುದಿಲ್ಲ.

ರಸ್ತೆಯ ಆಚೆಯ ಹೋಟೆಲಿನಿಂದ ನಾನೇ ಚಾ ಹಿಡಿದುಕೊಂಡು ಬರುವಾಗ ಇಬ್ಬರೂ ಗಾಜಿನ ಕೋಣೆಯಲ್ಲಿದ್ದರು. ಆ ಬಾಗಿಲು ಪೂರ್ತಿ ಹಾಕಲಿಕ್ಕೆ ಆಗುವುದಿಲ್ಲ, ಅಡಿಯಲ್ಲಿ ವಯರು ಹೋಗಿದೆ. ನಾನು ಕಪಾಟಿನ ಬದಿಗೆ ನಿಂತೆ.

"ನನಗೆ ಅರ್ಥ ಆಗುವ ಹಾಗೆ ಹೇಳಿ ಭಟ್ರೇ," ಇಮ್ತಿಯಾಝ್ ಕಾಕ ಹೇಳುತ್ತಿದ್ದರು. "ನಾನು ಬಂದರಿನಲ್ಲಿ ಒಣಮೆಣಸು ಮಾರಿದವ."

"ಕ್ಯಾಮರಾದ ಚಿತ್ರ ತುಂಡು ತುಂಡಾಗಿ ಬರ್ತದೆ, ಒಂದೊಂದು ತುಂಡು ಒಂದು ಪ್ಯಾಕೆಟ್. ಒಳಗೆ ಬಂದ ಪ್ಯಾಕೆಟ್‌ಗೆ ಹೊರಗೆ ಹೋಗುವವರೆಗೆ ಕೂತ್ಕೊಳ್ಳಿಕ್ಕೆ ಒಂದು ಜಾಗ ಬೇಕು. ಅದು ಬಫರ್. ಮೆಮೊರಿಯಲ್ಲಿ ಇಂಥ ಜಾಗ ಇಷ್ಟೇ ಅಂತ ಉಂಟು. ಬಂದವರಿಗೆ ಖಾಲಿ ಇರುದನ್ನ ಕೊಡುದು, ಹೋದ ಕೂಡ್ಲೆ ವಾಪಸ್ ತಗೊಂಡು ಇನ್ನೊಬ್ಬರಿಗೆ ಕೊಡುದು."

"ಲಾಡ್ಜಿನ ರೂಮು."

"ಹಾಗೆಯೇ. ಈಗ ಗೇಟಿನ ಚಿತ್ರ ಎಲ್ಲ ಮನೆಗೂ ಹೋಗ್ಬೇಕು. ಮನೆಗೊಂದು ಪ್ರತಿ ಮಾಡಿದರೆ ಜಾಗ ಸಾಲುದಿಲ್ಲ. ಹಾಗಾಗಿ ಒಂದೇ ಜಾಗದಲ್ಲಿ ಒಂದೇ ಪ್ರತಿ, ಎಲ್ಲ ಪೋರ್ಟೂ ಅಲ್ಲಿಂದಲೇ ಓದುದು. ಎಲ್ಲರದ್ದೂ ಓದಿ ಆದ ಮೇಲೆ ಆ ಜಾಗ ಖಾಲಿ ಮಾಡ್ಬೇಕು."

"ಸರಿ. ಅದರಲ್ಲಿ ಎಂತ?"

"ಯಾರು ಯಾರು ಓದಿ ಮುಗಿಸಿದ್ರು ಅಂತ ನಾನು ಎಣಿಸ್ಲಿಲ್ಲ. ಎಂಟನೇ ಪೋರ್ಟ್ ಎಲ್ಲರಿಂದ ಕೊನೆಗೆ ಶುರು ಮಾಡ್ತದೆ. ಅದರದ್ದು ಮುಗಿದರೆ ಎಲ್ಲರದ್ದೂ ಮುಗಿದ ಹಾಗೆ ಅಂತ ಬರೆದುಬಿಟ್ಟೆ." ಅವರೇ ಮುಂದುವರಿಸಿದರು, "ನಮ್ಮಲ್ಲಿ ಪಂಕ್ತಿಯಲ್ಲಿ ಊಟ ಆದವರು ಮೊದಲು ಏಳುವ ಕ್ರಮ ಇಲ್ಲ. ಎಲ್ಲ ಕಾದು ಒಟ್ಟಿಗೆ ಏಳುದು. ಕೊನೆಯ ಎಲೆಯವರು ಎದ್ದರು ಅಂದ್ರೆ ಸಾಲು ಪೂರ್ತಿ ಎದ್ದಾಯ್ತು, ಎಲೆ ತೆಗೀಬಹುದು. ಸಣ್ಣದರಿಂದ ಬಡಿಸಿದ್ದು, ಎಲೆ ತೆಗೆದದ್ದು ಅದೇ ಲೆಕ್ಕದಲ್ಲಿ. ಬರೆಯುವಾಗ ತಲೆಯಲ್ಲಿ ಅದೇ ಇತ್ತು ಕಾಣ್ತದೆ."

"ನಮ್ಮ ಮದುವೆಗೆ ಬಂದು ಬಡಿಸ್ಬೇಕಿತ್ತು ನೀವು." ಇಮ್ತಿಯಾಝ್ ಕಾಕನ ಸ್ವರದಲ್ಲಿ ನಗು ಇತ್ತು, ಪೂರ್ತಿ ಅಲ್ಲ. "ಒಂದು ದೊಡ್ಡ ಬಟ್ಟಲಿಗೆ ನಾಲ್ಕೈದು ಜನ ಕೈ ಹಾಕುದು. ಒಬ್ಬ ಬಸ್ಸಿಗೆ ಹೊತ್ತಾದವನ ಹಾಗೆ ತಿಂತಾನೆ. ಒಬ್ಬ ಎಲುಬು ಚೀಪುತ್ತಾ ಕೂರ್ತಾನೆ. ಅವನ ಕೈ ಒಳಗೆ ಇರುವಾಗ ಬಟ್ಟಲು ಎತ್ತಿದರೆ ಮದುವೆ ಮನೆಯಲ್ಲಿ ಜಗಳ ಗ್ಯಾರಂಟಿ."

"ಆದದ್ದು ಅದೇ. ಇಲ್ಲಿ ನಾನು ಪರೀಕ್ಷೆ ಮಾಡುವಾಗ ಎಲ್ಲ ಕೇಬಲೂ ಹೊಸತು, ಎಲ್ಲರದ್ದೂ ಒಂದೇ ವೇಗ. ಆ ಟೀಚರ ಮನೆಗೆ ಹೋಗುವ ಮೂರನೇದ್ದು ಹಳತು, ನಿಧಾನ. ಅದು ಇನ್ನೂ ಓದ್ತಾ ಇರುವಾಗಲೇ ನನ್ನ ಸಾಫ್ಟ್‌ವೇರ್ ಜಾಗ ಖಾಲಿ ಅಂತ ಇನ್ನೊಬ್ಬರಿಗೆ ಕೊಟ್ಟಿತು. ಬಂದು ಕೂತದ್ದು ಆ ಮಗುವಿನ ಕೋಣೆಯ ಪ್ಯಾಕೆಟ್. ಎರಡೂ ಒಂದೇ ಕಂಪೆನಿಯ ಕ್ಯಾಮರಾ, ಸ್ಕ್ರೀನಿಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ. ಬಂದದ್ದನ್ನ ತೋರಿಸಿತು."

ಚಾದ ಗ್ಲಾಸುಗಳು ನನ್ನ ಬೆರಳು ಸುಡುತ್ತಿದ್ದವು.

"ಅಂದ್ರೆ ಹುಡುಗ ಎಂತ ಮಾಡ್ಲಿಲ್ಲ," ಎಂದರು ಇಮ್ತಿಯಾಝ್ ಕಾಕ.

"ಶಾಹುಲ್ ಎಂತದ್ದೂ ಮಾಡ್ಲಿಲ್ಲ. ನನ್ನದು ತಪ್ಪು."

"ಸರಿ ಮಾಡ್ಲಿಕ್ಕೆ?"

"ಎಣಿಸುವ ಹಾಗೆ ಮಾಡಿದರಾಯ್ತು. ಇವತ್ತೇ ಆಗ್ತದೆ."

"ಮಾಡಿ. ಹೊರಗೆ ಹೋದ ಎಲ್ಲ ಪೆಟ್ಟಿಗೆಗೂ ಹಾಕಿ."

"ಅಲ್ಲಿಯವರಿಗೆ ಹೇಳ್ಬೇಕಲ್ಲ."

"ಹೇಳುವ. ಯಾರು ಬೇಡ ಅಂದದ್ದು? ಆದ್ರೆ ಭಟ್ರೇ, ಯೋಚನೆ ಮಾಡಿ. ಎಷ್ಟು ಮನೆಯಲ್ಲಿ ನಮ್ಮ ಪೆಟ್ಟಿಗೆ ಉಂಟು. ಒಬ್ಬ ಹುಡುಗ ತಪ್ಪು ಮಾಡಿದ ಅಂದರೆ ಹುಡುಗನನ್ನ ಬಿಡ್ತಾರೆ. ಪೆಟ್ಟಿಗೆಯೇ ಹೀಗೆ ಅಂದರೆ ಪೆಟ್ಟಿಗೆ ಬಿಡ್ತಾರೆ. ಸಮಯ ನೋಡಿ ಹೇಳುವ."

ನಾನು ಮೊಣಕೈಯಿಂದ ಬಾಗಿಲು ತಳ್ಳಿ ಚಾ ಇಟ್ಟೆ. ಇಬ್ಬರೂ ಗ್ಲಾಸುಗಳನ್ನೇ ನೋಡಿದರು. ಇಮ್ತಿಯಾಝ್ ಕಾಕ ಬ್ಯಾರಿ ಭಾಷೆಯಲ್ಲಿ ಕೇಳಿದರು, "ತಮ್ಮ ಎಂತ ಮಾಡ್ತಾ ಇದ್ದಾನೆ ಮನೆಯಲ್ಲಿ?"

"ಬೈಕ್ ತೊಳೀತಾ ಇದ್ದಾನೆ."

"ಒಳ್ಳೇದು. ಬೈಕ್ ಆದ್ರೂ ಕ್ಲೀನ್ ಆಗ್ಲಿ."

ಸಂಜೆ ನಾನು ಬಸ್ ಸ್ಟಾಪಿನಿಂದ ಮನೆಯವರೆಗೆ ಓಡಿಯೇ ಹೋದೆ. ಶಾಹುಲ್ ಮೆಟ್ಟಿಲಲ್ಲಿ ಕೂತಿದ್ದ. ಎಲ್ಲವನ್ನೂ ಹೇಳಿದೆ, ಬಫರ್, ಹಳೆ ಕೇಬಲ್, ನನ್ನ ಕೈ. ಇಷ್ಟು ಮಾತು ಒಟ್ಟಿಗೆ ನಾನು ಯಾವತ್ತೂ ಆಡಿದವಳಲ್ಲ. ಅವನು ಮಧ್ಯದಲ್ಲಿ ಬಾಯಿ ಹಾಕದೆ ಕೇಳಿದ.

"ಹಾಗಾದ್ರೆ ನಂದಲ್ಲ ಅಂತ ಗೊತ್ತಾಯ್ತು."

"ಹೌದು."

"ಯಾರಿಗೆಲ್ಲ?"

"ಅವರಿಬ್ಬರಿಗೆ."

"ಮತ್ತೆ ನಿನಗೆ. ನಿನಗೂ ಪೆಟ್ಟಿಗೆಯೇ ಹೇಳ್ಬೇಕಾಯ್ತು."

ಉಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು, "ಇಮ್ತಿಯಾಝ್ ಒಂದು ಫೋನ್ ಮಾಡಿ ಆ ಹುಡುಗಿ ಮನೆಯವರಿಗೆ ಹೇಳ್ಲಿ, ಸಾಕು," ಎಂದಳು.

"ರಮ್ಲಾಳ ಮನೆಗೆ ಆಮೇಲೆ," ಎಂದ ಶಾಹುಲ್. "ಮೊದಲು ಶಕ್ತಿನಗರದಲ್ಲಿ ಹೇಳ್ಲಿ. ಮಾತು ಎಲ್ಲಿ ಹುಟ್ಟಿತೋ ಅಲ್ಲಿ ಹೇಳ್ಬೇಕು. ನಾನು ಆ ದಾರಿಯಲ್ಲಿ ಹೋಗುವಾಗ ತಲೆ ಎತ್ತಿ ಹೋಗ್ಬೇಕು. ಅದಾಗದೆ ನಾನು ಎಲ್ಲಿಗೂ ಬರುದಿಲ್ಲ, ಮದುವೆಯೂ ಬೇಡ."

ಆ ವಾರ ಹೃಷೀಕೇಶ ಸರ್ ಹೊಸ ಸಾಫ್ಟ್‌ವೇರ್ ಬರೆದರು. ಕಟ್ಟಿಟ್ಟ ಪೆಟ್ಟಿಗೆಗಳನ್ನೆಲ್ಲ ನಾನು ಬಿಚ್ಚಿ ಕೊಟ್ಟೆ, ಅವರು ಹಾಕಿದರು, ಮತ್ತೆ ಕಟ್ಟಿದೆ. ಕತ್ತರಿಸಿದ ಕೇಬಲನ್ನು ಮೂರನೇ ಪೋರ್ಟಿಗೆ ಕೊಟ್ಟು ನೋಡಿದರು. ಈಗ ಬಾಗಿಲು ಬಾಗಿಲಾಗಿಯೇ ಇತ್ತು. ಯಾರೂ ಶಾಹುಲ್‌ಗೆ ಫೋನ್ ಮಾಡಲಿಲ್ಲ. ನಾನು ಹೃಷೀಕೇಶ ಸರ್ ಮುಖವನ್ನೇ ಗಮನಿಸಿದೆ. ಅವರು ನನಗೆ ಏನಾದರೂ ಕೊಡುವಾಗ ಮೇಜಿನ ಮೇಲೆ ಇಟ್ಟು, ಕೈ ಹಿಂದೆ ತೆಗೆದ ಮೇಲೆ ಮಾತಾಡುತ್ತಿದ್ದರು. ಮೊದಲೂ ಹಾಗೆಯೇ ಇದ್ದರೋ, ಈಗ ಹೊಸತೋ ಎಂದು ನೆನಪಾಗಲಿಲ್ಲ.

ಶನಿವಾರ ಇಮ್ತಿಯಾಝ್ ಕಾಕ ಕರೆದರು. "ನಾಳೆ ಶಕ್ತಿನಗರದಲ್ಲಿ ಪೆಟ್ಟಿಗೆ ವಾಪಸ್ ಕೂರಿಸ್ಲಿಕ್ಕೆ ಉಂಟು. ಮೀಟಿಂಗೂ ಉಂಟು. ನೀನು ಬಾ. ಈಗ ಅಲ್ಲಿ ಗಂಡಸರನ್ನ ಮನೆಯೊಳಗೆ ಬಿಡುದಿಲ್ಲವಂತೆ. ಹೇಗೆ ಸಿಕ್ಕಿಸುದು ಅಂತ ಭಟ್ರು ಹೇಳಿಕೊಡ್ತಾರೆ."

"ಅಲ್ಲಿ ಹೇಳ್ತೀರಾ ಕಾಕ?" ಎಂದೆ. ಸ್ವರ ಹೊರಗೆ ಬಂದಿತೋ ಇಲ್ಲವೋ ಗೊತ್ತಿಲ್ಲ.

"ಅದಕ್ಕೇ ಅಲ್ವಾ ಹೋಗುದು." ಮತ್ತೆ ನಾನು ಬಾಗಿಲಿಗೆ ಬಂದಾಗ ಹಿಂದಿನಿಂದ ಹೇಳಿದರು, "ಅವನ ಅಕ್ಕ ಅಂತ ನೀನಾಗಿ ಹೇಳ್ಲಿಕ್ಕೆ ಹೋಗ್ಬೇಡ. ಕೇಳಿದರೆ ಬೇರೆ."

ಹೇಳಲಿಕ್ಕೇ ಹೋಗುವುದಾದರೆ ಅದನ್ನು ಮುಚ್ಚಿಡುವುದು ಯಾಕೆ? ಈ ಪ್ರಶ್ನೆಯನ್ನು ನಾನು ಮನೆಗೆ ಒಯ್ದೆ, ರಾತ್ರಿಯೆಲ್ಲ ಇಟ್ಟುಕೊಂಡೆ, ಶಾಹುಲ್‌ಗೆ ಮಾತ್ರ ಹೇಳಲಿಲ್ಲ. ನಾಳೆ ಹೇಳುತ್ತಾರಂತೆ ಎಂದಷ್ಟೇ ಹೇಳಿದೆ. ಅವನು ಆ ದಿನ ನನ್ನ ಬಟ್ಟಲಿಗೆ ಮೀನಿನ ದೊಡ್ಡ ತುಂಡು ಹಾಕಿದ.

ಮರುದಿನ ಶಕ್ತಿನಗರದಲ್ಲಿ ಪಂಕಜಾಕ್ಷಿ ಟೀಚರ್ ನನಗೆ ಬೆಲ್ಲ ನೀರು ಕೊಟ್ಟರು. ನಾನು ಅವರ ಸ್ಕ್ರೀನಿನ ಹಿಂದೆ ಕೇಬಲ್ ಸಿಕ್ಕಿಸುವಾಗ ಪಕ್ಕದಲ್ಲೇ ನಿಂತು ನನ್ನ ಎರಡೂ ಕೈಗಳನ್ನು ಕಾವಲು ಕಾದರು. ಆಮೇಲೆ ಸ್ವ‌ಲ್ಪ ಸಡಿಲಾದರು.

"ಹೆಣ್ಣುಮಗಳು ಬಂದದ್ದು ಒಳ್ಳೇದಾಯ್ತು ಮಗಾ. ಆ ಹುಡುಗ ನೋಡ್ಲಿಕ್ಕೆ ಎಷ್ಟು ಪಾಪ. ಚಪ್ಪಲಿ ದೂರ ಬಿಟ್ಟು ಬರ್ತಿದ್ದ. ನೀರು ಕೇಳಿ ಕುಡೀತಿದ್ದ. ಟೀಚರ್, ಟೀಚರ್ ಅಂತ ಎಷ್ಟು ಮರ್ಯಾದೆ. ಆಗ್ಲೇ ನನಗೆ ಅನ್ನಿಸಿತು, ಈ ಪ್ರಾಯದಲ್ಲಿ ಇಷ್ಟು ಮರ್ಯಾದೆ ಯಾಕೆ ಅಂತ."

ನಾನು ಕ್ಲಿಪ್ ಒತ್ತಿದೆ. ಟಿಕ್ ಎಂದಿತು.

"ನಿನ್ನದು ಎಲ್ಲಿ ಮನೆ?"

"ಪಡೀಲ್."

"ಅವನೂ ಪಡೀಲೇ ಅಲ್ವಾ. ಪರಿಚಯ ಉಂಟಾ?"

"ಉಂಟು."

ಅವರು ನನ್ನ ಮುಖವನ್ನು ಪರೀಕ್ಷೆ ಪೇಪರಿನ ಹಾಗೆ ನೋಡಿದರು. ಮುಂದೆ ಕೇಳಲಿಲ್ಲ. "ಹುಷಾರು," ಎಂದರು.

ಮೆರ್ಲಿನ್ ಬಾಗಿಲನ್ನು ಸರಪಳಿ ಹಾಕಿಯೇ ತೆರೆದಳು. ಮೆಟ್ಟಿಲಲ್ಲಿ ಬೇರೆ ಯಾರೂ ಇಲ್ಲ ಎಂದು ನೋಡಿ ಒಳಗೆ ಬಿಟ್ಟಳು. ತೊಟ್ಟಿಲ ಮೇಲಿನ ಕ್ಯಾಮರಾಕ್ಕೆ ಮಗುವಿನ ಕಾಲುಚೀಲ ತೊಡಿಸಿದ್ದಳು. ಅವಳಿಗೂ ನನಗೂ ಹೆಚ್ಚು ವ್ಯತ್ಯಾಸ ಇಲ್ಲ, ಪ್ರಾಯದಲ್ಲಿ. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಇನ್ನು ಕಾಣುದಿಲ್ಲ," ಎಂದೆ.

"ಅವ ನೋಡ್ತಿದ್ನಾ?" ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಕೇಳಿದಳು. "ನಿಮಗೆ ಗೊತ್ತಿರ್ಬಹುದು. ನಾನು ಸ್ನಾನ ಮಾಡಿ ಬಂದು ಇಲ್ಲೇ ಬಟ್ಟೆ ಹಾಕಿಕೊಳ್ಳುದು. ನಿದ್ರೆ ಬರುದಿಲ್ಲ ನನಗೆ. ಸತ್ಯ ಹೇಳಿ."

"ಇಲ್ಲ. ನೋಡ್ಲಿಲ್ಲ."

"ಹೇಗೆ ಗೊತ್ತು?"

ಹೇಗೆ ಎಂದು ಹೇಳಿದರೆ ಅವಳು ನಂಬುವುದಿಲ್ಲ, ನಾನು ಪ್ಯಾಕಿಂಗಿನವಳು. ಅಕ್ಕ ಎಂದು ಆಮೇಲೆ ಗೊತ್ತಾದರೆ ಪೂರ್ತಿ ನಂಬುವುದಿಲ್ಲ. "ಕೆಳಗೆ ಸರ್ ಹೇಳ್ತಾರೆ. ಬನ್ನಿ," ಎಂದೆ.

ಅವಳು ಬಂದಳು. ಕೆಳಗಿನ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿದ್ದರು, ಹೆಚ್ಚಿನ ಮನೆಯವರು ಬಂದಿದ್ದರು. ಮೆರ್ಲಿನ್ ಹಿಂದಿನ ಸಾಲಿನಲ್ಲಿ ಮಗುವಿನ ಜೊತೆ ಕೂತಳು. ನಾನು ಕಂಬದ ಪಕ್ಕ ನಿಂತೆ. ಹೃಷೀಕೇಶ ಸರ್ ಮುಂದೆ ಕೂತು ಲ್ಯಾಪ್‌ಟಾಪ್ ಚೀಲವನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದರು.

ಇಮ್ತಿಯಾಝ್ ಕಾಕ ಎದ್ದು ನಿಂತು ಕೈ ಮುಗಿದರು. "ನಿಮಗೆ ಆದ ತೊಂದರೆಗೆ ಕ್ಷಮೆ ಕೇಳ್ತೇನೆ. ನಮಗೂ ಅಕ್ಕತಂಗಿಯರು ಉಂಟು. ಪೆಟ್ಟಿಗೆಯನ್ನ ಒಂದು ವಾರ ಕೂತು ಚೆಕ್ ಮಾಡಿದ್ದೇವೆ. ಹೊಸ ಸಾಫ್ಟ್‌ವೇರ್ ಹಾಕಿದ್ದೇವೆ. ಆ ಹುಡುಗ ಈಗ ನಮ್ಮಲ್ಲಿ ಕೆಲಸಕ್ಕೆ ಇಲ್ಲ. ಇನ್ನು ಮುಂದೆ ನಿಮ್ಮ ಮನೆಗಳಿಗೆ ಈ ಹುಡುಗಿಯೇ ಬರುದು."

ಒಂದೊಂದೂ ನಿಜ. ಒಂದರಲ್ಲಿಯೂ ಸುಳ್ಳು ಹಿಡಿಯಲಿಕ್ಕೆ ಆಗುವುದಿಲ್ಲ. ನಾನು ಮುಂದಿನದಕ್ಕೆ ಕಾದೆ. ಅವರು ಕೂತರು.

ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಕೆಲವರು ನಕ್ಕರು, ಒಳ್ಳೆಯ ನಗು. ಮೂಲೆಯಲ್ಲಿದ್ದ ಒಬ್ಬರು, "ಪೊಲೀಸಿಗೆ ಕೊಡ್ಬೇಕಿತ್ತು ಅವನನ್ನ," ಎಂದರು.

"ಬಿಡಿ ಮಾರಾಯ್ರೆ, ಪ್ರಾಯದ ಹುಡುಗ," ಎಂದರು ಇಮ್ತಿಯಾಝ್ ಕಾಕ.

ಮೆರ್ಲಿನ್ ನನ್ನನ್ನು ನೋಡುತ್ತಿದ್ದಳು. ಪಂಕಜಾಕ್ಷಿ ಟೀಚರ್ ಮುಂದಿನ ಸಾಲಿಗೆ ತಿರುಗಿದರು. "ಇಂಜಿನಿಯರು ಎಂತಾದ್ರೂ ಹೇಳ್ತೀರಾ?"

ಹೃಷೀಕೇಶ ಸರ್ ಅರ್ಧ ಎದ್ದರು. ಇಮ್ತಿಯಾಝ್ ಕಾಕನ ಕಡೆ ನೋಡಿದರು, ನೆಲ ನೋಡಿದರು. "ಈಗ ಎಲ್ಲ ಸರಿ ಉಂಟು," ಎಂದು ಹೇಳಿ ಕೂತರು.

ಜನ ಕುರ್ಚಿ ಸರಿಸಲಿಕ್ಕೆ ಶುರು ಮಾಡಿದರು. ಮನೆಯಲ್ಲಿ ಶಾಹುಲ್ ಮೆಟ್ಟಿಲಲ್ಲಿ ಕೂತು ನನ್ನ ಫೋನಿಗೆ ಕಾಯುತ್ತಿದ್ದ. ನಾನು ಕಂಬದ ಪಕ್ಕದಿಂದ ನಡುವಿಗೆ ಬಂದೆ. ಇಷ್ಟು ಜನರ ಮುಂದೆ ನಾನು ಯಾವತ್ತೂ ನಿಂತವಳಲ್ಲ. ಶಾಲೆಯಲ್ಲಿ ಪಾಠ ಓದಲಿಕ್ಕೆ ಎದ್ದಾಗಲೂ ಸ್ವರ ಗಂಟಲಲ್ಲೇ ಉಳಿಯುತ್ತಿತ್ತು.

"ಶಾಹುಲ್ ನನ್ನ ತಮ್ಮ," ಎಂದೆ.

ಕುರ್ಚಿಗಳ ಸದ್ದು ನಿಂತಿತು. ಟೀಚರ್ ಕನ್ನಡಕ ಸರಿಮಾಡಿಕೊಂಡರು. ಇಮ್ತಿಯಾಝ್ ಕಾಕ ಬ್ಯಾರಿಯಲ್ಲಿ ಮೆಲ್ಲಗೆ, ಸಾಕು, ಕೂತ್ಕೋ ಎಂದರು. ನಾನು ಅವರ ಕಡೆ ನೋಡಲಿಲ್ಲ. ಹೃಷೀಕೇಶ ಸರ್ ಎದುರಿಗೆ ಹೋಗಿ ನಿಂತೆ. ಅವರು ಚೀಲದ ಜಿಪ್ಪನ್ನು ಎಳೆಯುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು.

"ಸರ್," ಎಂದೆ, "ನೀವು ಆ ದಿನ ಕೋಣೆಯಲ್ಲಿ ಹೇಳಿದ್ದನ್ನ ಇಲ್ಲಿ ಒಮ್ಮೆ ಹೇಳಿ."